ದೇವರಿಲ್ಲದ ಲಗ್ನಕ್ಕೆ ಮೂವತ್ತು ದಿನದ ಸೂತಕ

ಬೀದರ್ ಜಿಲ್ಲೆಯಲ್ಲಿ ಮದುವೆಯಾಗಲು ದೇವರು ಇರಲೇಬೇಕು ಎಂದು ಯಾವ ಕಾನೂನೂ ಹೇಳುವುದಿಲ್ಲ. ದೇವರಿದ್ದರೆ ಕೆಲಸ ಬೇಗ ಆಗುತ್ತದೆ, ಅಷ್ಟೇ.

ಬೀದರ್ ನಗರದ ನಾನಕ್ ಝೀರಾದಲ್ಲಿ ಗುರುಗ್ರಂಥ ಸಾಹಿಬ್‌ಗೆ ನಾಲ್ಕು ಸುತ್ತು ಬಂದವರಿಗೆ 1909ರ ಆನಂದ್ ವಿವಾಹ ಕಾಯ್ದೆ ಇದೆ. ನಿಕಾಹ್ ಓದಿಸಲು ಖಾಜಿ ಸಾಹೇಬರಿದ್ದಾರೆ. ಒಪ್ಪಿಗೆ, ಮೆಹರ್, ಸಾಕ್ಷಿ ಕೂಡಿದರೆ ಮರುದಿನ ವಲೀಮಾ ಬಿರಿಯಾನಿ. ಚರ್ಚಿನವರಿಗೆ 1872ರ ಕ್ರೈಸ್ತ ವಿವಾಹ ಕಾಯ್ದೆ. ಅಲ್ಲಿಯೂ ಮುಂಚಿತವಾಗಿ ತಿಳಿಸಬೇಕು, ಆದರೆ ತಿಳಿಸುವುದು ತಮ್ಮದೇ ಪಾದ್ರಿಗೆ. ಬೌದ್ಧರಿಗೆ, ಜೈನರಿಗೆ, ಲಿಂಗಾಯತರಿಗೆ 1955ರ ಹಿಂದೂ ವಿವಾಹ ಕಾಯ್ದೆ. ಲಿಂಗಾಯತ ಸ್ವತಂತ್ರ ಧರ್ಮವೆಂದು 2017ರ ಜುಲೈಯಲ್ಲಿ ಇದೇ ಬೀದರ್‌ನಲ್ಲಿ ಜನಸಾಗರ ಸೇರಿ ಘೋಷಣೆ ಕೂಗಿತು. ಈ ಕಾಯ್ದೆಯ 2ನೇ ಕಲಂ ಮಾತ್ರ ಯಾರ ಘೋಷಣೆಗೂ ಕಿವಿಗೊಡದೆ, ‘ವೀರಶೈವ, ಲಿಂಗಾಯತ’ ಎಂದು ಹೆಸರು ಹಿಡಿದು ಕರೆದು ಹಿಂದೂಗಳ ಪಂಕ್ತಿಯಲ್ಲೇ ಎಲೆ ಹಾಕಿ ಕೂರಿಸಿದೆ. ಧರ್ಮದ ತಕರಾರು ತೀರುವವರೆಗೆ ಮದುವೆ ಯಾಕೆ ನಿಲ್ಲಬೇಕು?

ಅಂದರೆ ನಮ್ಮ ಜಿಲ್ಲೆಯಲ್ಲಿ ನೀವು ಯಾವ ದೇವರನ್ನು ನಂಬಿದರೂ ಒಂದು ಕಾಯ್ದೆ ಬಾಗಿಲು ತೆರೆದು ನಿಂತಿದೆ. ಯಾವ ದೇವರೂ ಬೇಡ, ಭಟ್ಟರು, ಅಯ್ನೋರು, ಖಾಜಿ, ಪಾದ್ರಿ ಯಾರೂ ಬೇಡ, ನಾವಿಬ್ಬರೂ ಮನುಷ್ಯರು, ಮನುಷ್ಯರ ಎದುರಿಗೆ ಒಂದು ಮಾತು ಕೊಟ್ಟು ಕೂಡಿ ಬಾಳುತ್ತೇವೆ ಎಂದಿರೋ, ಸರ್ಕಾರ ಕನ್ನಡಕ ಸರಿಪಡಿಸಿಕೊಳ್ಳುತ್ತದೆ. ಇಂಥವರಿಗೆ ಉಳಿಯುವುದು 1954ರ ವಿಶೇಷ ವಿವಾಹ ಕಾಯ್ದೆ. ಅದರ ವಿಶೇಷವೆಂದರೆ ಮೂವತ್ತು ದಿನ ನಿಮ್ಮ ಹೆಸರನ್ನು ಗೋಡೆಗೆ ಅಂಟಿಸಿ, ಈ ಮದುವೆ ಯಾರಿಗಾದರೂ ಬೇಡವಾಗಿದೆಯೇ ಎಂದು ಊರನ್ನು ಕೇಳುವುದು.

ಹನ್ನೆರಡನೆಯ ಶತಮಾನದಲ್ಲಿ ಇದೇ ನೆಲದ ಕಲ್ಯಾಣದಲ್ಲಿ ಶರಣರು ಐದು ಸೂತಕಗಳನ್ನು ಕಿತ್ತೆಸೆದರು: ಜಾತಿ, ಜನನ, ಮರಣ, ರಜಸ್ಸು, ಎಂಜಲು. ಸ್ವತಂತ್ರ ಭಾರತದ ಸರ್ಕಾರ ಆರನೆಯದೊಂದನ್ನು ಹುಡುಕಿ ತಂದಿತು. ಅದು ನೋಟಿಸ್ ಸೂತಕ. ಮೈಲಿಗೆ ಹತ್ತುವುದು ದೇವರನ್ನು ಬಿಟ್ಟವರಿಗೆ ಮಾತ್ರ.

ಈ ತಮಾಷೆಗೆ ಇನ್ನೊಂದು ಮಗ್ಗುಲಿದೆ. ಸಂವಿಧಾನದ 51ಎ ವಿಧಿಯ (ಎಚ್) ಉಪಖಂಡದ ಪ್ರಕಾರ ವೈಜ್ಞಾನಿಕ ಮನೋಭಾವ, ಮಾನವತಾವಾದ, ಪ್ರಶ್ನಿಸುವ ಮತ್ತು ಸುಧಾರಿಸುವ ಪ್ರವೃತ್ತಿಯನ್ನು ಬೆಳೆಸಿಕೊಳ್ಳುವುದು ಪ್ರತಿ ಪ್ರಜೆಯ ಮೂಲಭೂತ ಕರ್ತವ್ಯ. 1976ರ 42ನೇ ತಿದ್ದುಪಡಿ ಇದನ್ನು ಸೇರಿಸಿತು. ಮಾನವತಾವಾದಿಯಾಗುವುದು ಕರ್ತವ್ಯ, ಆದರೆ ಮಾನವತಾವಾದಿಯಾಗಿ ಮದುವೆಯಾಗಲು ಹೊರಟರೆ ಆಕ್ಷೇಪಣೆ ಆಹ್ವಾನ.

ಬ್ರಿಟಿಷರ ಕಾಲದಲ್ಲಿ ಹೀಗಿರಲಿಲ್ಲ, ಇದಕ್ಕಿಂತ ಮಜವಾಗಿತ್ತು. 1872ರ ಹಳೆಯ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗುವವರು, ನಾನು ಹಿಂದೂ ಅಲ್ಲ, ಮುಸ್ಲಿಂ ಅಲ್ಲ, ಕ್ರೈಸ್ತ ಅಲ್ಲ, ಪಾರ್ಸಿ ಅಲ್ಲ, ಬೌದ್ಧ ಅಲ್ಲ, ಸಿಖ್ ಅಲ್ಲ, ಜೈನ ಅಲ್ಲ, ಯಹೂದಿಯೂ ಅಲ್ಲ ಎಂದು ಬರೆದುಕೊಡಬೇಕಿತ್ತು. ಬ್ರಹ್ಮಸಮಾಜದ ಕೇಶವಚಂದ್ರ ಸೇನರ ಒತ್ತಾಯದಿಂದ ಹುಟ್ಟಿದ ಕಾಯ್ದೆಯಿದು. 1923ರಲ್ಲಿ ಹರಿಸಿಂಗ್ ಗೌರ್ ತಿದ್ದುಪಡಿ ತಂದು ಹಿಂದೂ, ಬೌದ್ಧ, ಸಿಖ್, ಜೈನರಿಗೆ ಧರ್ಮ ಬಿಡದೆಯೂ ಮದುವೆಯಾಗುವ ದಾರಿ ಮಾಡಿದರು. 1954ರಲ್ಲಿ ನಾವು ಎಲ್ಲರನ್ನೂ ಈ ಅಲ್ಲಗಳೆಯುವ ಪ್ರಮಾಣದಿಂದ ಬಿಡುಗಡೆ ಮಾಡಿದೆವು. ಬಹಳ ಒಳ್ಳೆಯದು. ಆದರೆ ಬ್ರಿಟಿಷರ ಕಾಯ್ದೆಯಲ್ಲಿ ನೋಟಿಸ್ ಅವಧಿ 14 ದಿನ ಇತ್ತು, ನಮ್ಮದರಲ್ಲಿ 30 ದಿನವಾಯಿತು. ಪರದೇಶಿ ಸರ್ಕಾರ ಪ್ರೇಮಿಗಳನ್ನು ಎರಡು ವಾರ ಶಂಕಿಸಿದರೆ, ಸ್ವದೇಶಿ ಸರ್ಕಾರ ಇಡೀ ತಿಂಗಳು ಶಂಕಿಸುತ್ತದೆ. ಸ್ವರಾಜ್ಯದ ಲಾಭ ಎಣಿಸುವವರು ಇದನ್ನೂ ಲೆಕ್ಕಕ್ಕೆ ಹಿಡಿಯಲಿ.

ಈಗ ಭಾಲ್ಕಿಯ ಒಬ್ಬ ಹುಡುಗ, ಔರಾದಿನ ಒಬ್ಬ ಹುಡುಗಿ ಎಂದಿಟ್ಟುಕೊಳ್ಳಿ. ಜಾತಿ ಬೇರೆ ಬೇರೆ. ಯಾವ ಯಾವ ಜಾತಿ ಎಂದು ನಾನು ಹೇಳುವುದಿಲ್ಲ. ನೀವು ಊಹಿಸಲು ಶುರುಮಾಡಿದ್ದೀರಿ ಎಂಬುದು ಗೊತ್ತು. ಇಬ್ಬರೂ ಔರಾದಿನ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗುತ್ತಾರೆ. ಏಕೆಂದರೆ ಹೊಲ, ಪ್ಲಾಟು ಖರೀದಿ ಮಾಡಿಕೊಡುವ ಅದೇ ಅಧಿಕಾರಿಯೇ ವಿವಾಹಾಧಿಕಾರಿ.

“ಸಾಹೇಬ್ರ, ನಮ್ದು ಲಗ್ನ ಆಗ್ಬೇಕ್ರಿ.”

“ಯಾವ ಪದ್ಧತಿ ಪ್ರಕಾರ?”

“ಪದ್ಧತಿ ಗಿದ್ಧತಿ ಏನಿಲ್ರಿ. ಇಬ್ರೂ ಒಪ್ಪೇವಿ, ಅಷ್ಟ.”

“ಅಷ್ಟ ಅಂದ್ರ ಹೆಂಗ ತಮ್ಮಾ? ಒಪ್ಪಿದ್ರ ಒಂದು ತಿಂಗಳ ತಡೀಬೇಕು. ನಾಕು ಮಂದಿ ಕೂಡಿಸಿ ಅಕ್ಕಿಕಾಳು ಹಾಕ್ಸಿಕೊಂಡು ಬಂದಿದ್ರ ಇವತ್ತೇ ಅರ್ಜಿ ತಗೋತಿದ್ವಿ.”

ಪಕ್ಕದ ಮೇಜಿನಲ್ಲಿ ಒಬ್ಬರು ಎರಡು ಎಕರೆ ಮಾರಿ, ಬೆರಳೊತ್ತಿ, ಫೋಟೊ ಹಿಡಿಸಿಕೊಂಡು, ಮಧ್ಯಾಹ್ನದೊಳಗೆ ಊರಿಗೆ ಹೊರಟಿದ್ದಾರೆ. ಅಜ್ಜ ಮುತ್ತಜ್ಜರ ಹೊಲ ಕೈಬಿಡಲು ಯಾವ ಗೋಡೆಗೂ ನೋಟಿಸ್ ಅಂಟಿಸಬೇಕಿಲ್ಲ. ಸ್ವಂತ ಮನಸ್ಸು ಕೊಡಲು ಅಂಟಿಸಬೇಕು.

ಕಾಯ್ದೆಯ ಷರತ್ತುಗಳು ತಮ್ಮಷ್ಟಕ್ಕೆ ಕಷ್ಟದವಲ್ಲ. 4ನೇ ಕಲಂ ಕೇಳುವುದು ಇಷ್ಟು: ಇಬ್ಬರಿಗೂ ಬದುಕಿರುವ ಗಂಡನೋ ಹೆಂಡತಿಯೋ ಇರಬಾರದು, ಒಪ್ಪಿಗೆ ಕೊಡುವ ಬುದ್ಧಿಸ್ಥಿತಿ ಇರಬೇಕು, ಹುಡುಗನಿಗೆ 21, ಹುಡುಗಿಗೆ 18 ತುಂಬಿರಬೇಕು, ನಿಷಿದ್ಧ ಸಂಬಂಧದೊಳಗೆ ಬರಬಾರದು. ಇಬ್ಬರಲ್ಲಿ ಒಬ್ಬರಾದರೂ ನೋಟಿಸ್ ಕೊಡುವ ಮುಂಚಿನ 30 ದಿನ ಆ ಅಧಿಕಾರಿಯ ವ್ಯಾಪ್ತಿಯಲ್ಲಿ ವಾಸವಿರಬೇಕು. ಜಾತಕ ಕೇಳುವುದಿಲ್ಲ, ಗೋತ್ರ ಕೇಳುವುದಿಲ್ಲ, ಹುಂಡಾ ಎಷ್ಟು ಎಂದೂ ಕೇಳುವುದಿಲ್ಲ. ನಮ್ಮ ಭಾಗದ ಬೀಗರಿಗಿಂತ ಕಾಯ್ದೆ ಸಾವಿರ ಪಾಲು ಸಭ್ಯ.

ಆದರೆ ನಿಷಿದ್ಧ ಸಂಬಂಧದ ಪಟ್ಟಿಯೊಳಗೆ ಒಮ್ಮೆ ಕಣ್ಣಾಡಿಸಿ. ಗಂಡಿಗೆ 37 ಸಂಬಂಧ, ಹೆಣ್ಣಿಗೆ 37. ಗಂಡಿನ ಪಟ್ಟಿಯ ಕಟ್ಟಕಡೆಯದು ತಾಯಿಯ ಅಣ್ಣತಮ್ಮಂದಿರ ಮಗಳು, ಅಂದರೆ ಸೋದರಮಾವನ ಮಗಳು! ಬೀದರ್ ಸೀಮೆಯಲ್ಲಿ ಆಕೆ ತೊಟ್ಟಿಲಲ್ಲಿರುವಾಗಲೇ ‘ನಮ್ಮ ಸೊಸಿ’ ಎನಿಸಿಕೊಂಡವಳು. ಅಯ್ನೋರನ್ನು ಕರೆಸಿ ರೂಢಿಯ ಪ್ರಕಾರ ಮಾಡಿಕೊಂಡರೆ ಹಿಂದೂ ವಿವಾಹ ಕಾಯ್ದೆ ಆ ರೂಢಿಗೆ ತಲೆಬಾಗುತ್ತದೆ. ವಿಶೇಷ ವಿವಾಹ ಕಾಯ್ದೆಯಲ್ಲೂ 1963ರಲ್ಲಿ ರೂಢಿಗೊಂದು ಕಿಂಡಿ ಬಿಟ್ಟರು. ಆದರೆ ಆ ರೂಢಿಯನ್ನು ರಾಜ್ಯ ಸರ್ಕಾರ ರಾಜ್ಯಪತ್ರದಲ್ಲಿ ಪ್ರಕಟಿಸಿರಬೇಕು. ಹೀಗಾಗಿ ದೇವರನ್ನು ಬಿಟ್ಟವರು ಮಾವನ ಮಗಳನ್ನೂ ಬಿಡಬೇಕಾದೀತು. ರಕ್ತಸಂಬಂಧದ ಮದುವೆ ಬೇಡವೆಂಬ ವೈದ್ಯರ ಮಾತು ನನಗೂ ಒಪ್ಪಿಗೆಯೇ. ಆ ಬುದ್ಧಿಮಾತು ನಾಸ್ತಿಕರಿಗೆ ಮಾತ್ರ ಯಾಕೆ ಎಂಬುದಷ್ಟೇ ಪ್ರಶ್ನೆ.

ನಮ್ಮ ಜೋಡಿ ಅದೃಷ್ಟವಂತರು, ಸಂಬಂಧಿಕರಲ್ಲ. ಅರ್ಜಿ ಕೊಟ್ಟರು. ಅದರಲ್ಲಿ ಹೆಸರು, ವಯಸ್ಸು, ಉದ್ಯೋಗ, ಮನೆ ವಿಳಾಸ, ಅವಿವಾಹಿತರೋ ವಿಧುರರೋ ಎಲ್ಲವೂ ಇದೆ. ಒಂದು ಪ್ರತಿ ನೋಟಿಸ್ ಪುಸ್ತಕದೊಳಗೆ ಸೇರುತ್ತದೆ. ಆ ಪುಸ್ತಕವನ್ನು ಯಾರು ಬೇಕಾದರೂ ಪುಕ್ಕಟೆ ಬಿಚ್ಚಿ ನೋಡಬಹುದು. ಒಂದು ಪ್ರತಿ ಎಲ್ಲರಿಗೂ ಕಾಣುವ ಗೋಡೆಗೆ. ಹುಡುಗನ ಕಾಯಂ ವಾಸ ಭಾಲ್ಕಿಯಾದ್ದರಿಂದ ಇನ್ನೊಂದು ಪ್ರತಿ ಅಲ್ಲಿಯ ಅಧಿಕಾರಿಯ ಗೋಡೆಗೆ. ಹುಡುಗ ದೇಗಲೂರಿನವನೋ ಉದಗೀರದವನೋ ಆಗಿದ್ದರೆ ಈ ಕಾಗದ ಗಡಿ ದಾಟಿ ಮಹಾರಾಷ್ಟ್ರಕ್ಕೂ ಹೋಗುತ್ತಿತ್ತು. ಕೃಷ್ಣಾ, ಗೋದಾವರಿ ನೀರು ಹಂಚಿಕೊಳ್ಳುವಾಗ ಒಂದಾಗದ ರಾಜ್ಯಗಳು ಪ್ರೇಮಿಗಳ ಸುದ್ದಿ ಹಂಚಿಕೊಳ್ಳುವಾಗ ಒಂದಾಗುತ್ತವೆ.

ಸರ್ಕಾರಿ ನೋಟಿಸ್ ಯಾರು ಓದುತ್ತಾರೆ ಎನ್ನಬೇಡಿ. ಕೆರೆಯ ಟೆಂಡರು, ರಸ್ತೆಯ ಬಿಲ್ಲು ಅಂಟಿಸಿದರೆ ನೊಣವೂ ಹತ್ತಿರ ಸುಳಿಯುವುದಿಲ್ಲ, ನಿಜ. ಲಗ್ನದ ನೋಟಿಸ್ ಅಂಟಿಸಿ ನೋಡಿ, ಅಕ್ಷರ ಬಾರದವರೂ ಓದಿಬಿಡುತ್ತಾರೆ. ಖರೀದಿಪತ್ರದ ನಕಲು ತೆಗೆಸಲು ಬಂದ ಕಾಕಾ ಒಬ್ಬರು ನಿಂತು ಓದಿದರು. ನೇರ ಒಳಗೆ ಬಂದರು.

“ಇದಕ್ಕ ನನ್ನ ತಕರಾರು ಅದ.”

“ಏನ್ ತಕರಾರು ಹೇಳ್ರಿ ಕಾಕಾ, ಬರ್ಕೋತೀನಿ.”

“ಜಾತಿ ಬ್ಯಾರೆ ಬ್ಯಾರೆ ಅವ.”

“ಅದು ಕಲಂ ನಾಕರಾಗ ಇಲ್ರಿ.”

“ಕುಂಡಲಿ ಕೂಡಿ ಬರಂಗಿಲ್ಲ.”

“ಅದೂ ಇಲ್ರಿ.”

“ಮಂದಿ ಏನಂತಾರ?”

“ಮಂದೀದು ಕಾಲಮ್ಮೇ ಇಲ್ರಿ ಕಾಕಾ.”

ಕಾನೂನು ಗೆದ್ದಿತು. ಕಾಕಾ ಹೊರಗೆ ಹೋಗಿ ಫೋನ್ ತೆಗೆದರು. ಇಲ್ಲಿಗೆ ಕಾನೂನಿನ ಕೆಲಸ ಮುಗಿಯಿತು, ಊರಿನ ಕೆಲಸ ಶುರುವಾಯಿತು. ಯಾರೂ ಲಿಖಿತ ಆಕ್ಷೇಪಣೆ ಕೊಡಬೇಕಿಲ್ಲ. ಹುಡುಗಿಯ ಮನೆ ವಿಳಾಸವನ್ನು ಸರ್ಕಾರವೇ ಮುದ್ರೆ ಒತ್ತಿ ಕೊಟ್ಟಿದೆ. ಮೂವತ್ತು ದಿನದಲ್ಲಿ ಆಕೆಯನ್ನು ಅತ್ತೆಯ ಊರಿಗೆ ಸಾಗಿಸಬಹುದು, ಮೊಬೈಲ್ ಕಸಿದುಕೊಳ್ಳಬಹುದು, ಅಕ್ಕಿಕಾಳು ಹಾಕಿಸಿ ಬೇರೆಯವನಿಗೆ ಕೊಟ್ಟೂಬಿಡಬಹುದು. ಆ ಬಲವಂತದ ಮದುವೆಗೆ ನೋಟಿಸ್ ಬೇಕಿಲ್ಲ, ಅದು ಸಂಪ್ರದಾಯಬದ್ಧ.

ಯಾರಾದರೂ ಹೊಟ್ಟೆಕಿಚ್ಚಿಗೆ ಸುಳ್ಳು ತಕರಾರು ಕೊಟ್ಟರೆ? ಅದಕ್ಕೂ ವ್ಯವಸ್ಥೆ ಇದೆ. ವಿಚಾರಣೆ 30 ದಿನದೊಳಗೆ, ಒಪ್ಪಿಗೆಯಾಗದಿದ್ದರೆ ಜಿಲ್ಲಾ ನ್ಯಾಯಾಲಯಕ್ಕೆ ಮೇಲ್ಮನವಿ. ತಕರಾರು ದುರುದ್ದೇಶದ್ದು ಎಂದು ಕಂಡರೆ 9ನೇ ಕಲಂ ಪ್ರಕಾರ ಗರಿಷ್ಠ 1000 ರೂಪಾಯಿ ಖರ್ಚು ವಸೂಲಿ. 1954ರ ಸಾವಿರ ಇಂದಿಗೂ ಸಾವಿರವೇ. ಫಂಕ್ಷನ್ ಹಾಲಿನಲ್ಲಿ ಡಿಜೆಯವನಿಗೆ ಕೊಡುವ ಮುಂಗಡಕ್ಕಿಂತ ಒಬ್ಬರ ಮದುವೆ ಮುರಿಯುವುದು ಅಗ್ಗ. ಮೇಲ್ಮನವಿಗೆ ಹೋಗದೆ ಹೀಗೇ ಎಳೆದಾಡಿ ನೋಟಿಸ್ ಕೊಟ್ಟು ಮೂರು ತಿಂಗಳು ದಾಟಿದರೆ ಆ ನೋಟಿಸೇ ರದ್ದು. ಮತ್ತೆ ಹೊಸ ಗೋಡೆ, ಹೊಸ ಕಾಕಾ.

ನ್ಯಾಯಾಲಯಗಳು ಸುಮ್ಮನಿಲ್ಲ. ನೋಟಿಸನ್ನು ಮನೆಗಳಿಗೆ ಕಳಿಸುವ ಅಧಿಕಾರ ಇಲ್ಲವೆಂದು ದೆಹಲಿ ಹೈಕೋರ್ಟ್ 2009ರಲ್ಲೇ ಹೇಳಿತು. ಜಾಲತಾಣದಲ್ಲಿ ಹಾಕುತ್ತಿದ್ದ ನೋಟಿಸ್‌ಗಳನ್ನು ಗೂಂಡಾಗಳು ಬಳಸಿಕೊಂಡಾಗ ಕೇರಳ 2020ರಲ್ಲಿ ಅದನ್ನು ನಿಲ್ಲಿಸಿತು. 2021ರ ಜನವರಿಯಲ್ಲಿ ಅಲಹಾಬಾದ್ ಹೈಕೋರ್ಟ್, ನೋಟಿಸ್ ಪ್ರಕಟಿಸಬೇಕೋ ಬೇಡವೋ ಎಂಬುದು ಜೋಡಿಯ ಇಚ್ಛೆಗೆ ಬಿಟ್ಟದ್ದು ಎಂದಿತು. ಇದೇ ನಿಯಮವನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದ ಒಂದು ಅರ್ಜಿ 2022ರಲ್ಲಿ ವಜಾ ಆಯಿತು. ಅರ್ಜಿದಾರರಿಗೆ ಈ ಕಾಯ್ದೆಯಡಿಯೇ ಮದುವೆಯಾಗಿದೆ, ಇನ್ನು ಅವರು ಬಾಧಿತರಲ್ಲ ಎಂಬುದು ಕಾರಣ. ಮದುವೆಯಾಗದವರು ಮನೆಯಲ್ಲಿ ಬಂದಿ, ಆದವರು ಬಾಧಿತರಲ್ಲ. ಹಾಗಾದರೆ ಅರ್ಜಿ ಹಾಕುವವರು ಯಾರು?

ಈ ತಾಪತ್ರಯವೇ ಬೇಡ, ಕುವೆಂಪು ಹೇಳಿದ ಮಂತ್ರಮಾಂಗಲ್ಯ ಮಾಡಿಕೊಂಡು ಆಮೇಲೆ ನೋಂದಣಿ ಮಾಡಿಸೋಣ ಎನ್ನುವವರಿದ್ದಾರೆ. ಒಳ್ಳೆಯ ವಿಚಾರ. 1966ರಲ್ಲಿ ಕುವೆಂಪು ತಮ್ಮ ಮಗ ಪೂರ್ಣಚಂದ್ರ ತೇಜಸ್ವಿಯ ಮದುವೆಯನ್ನು ಹೀಗೆಯೇ ಮಾಡಿದರು. ಪುರೋಹಿತರಿಲ್ಲ, ಹುಂಡಾ ಇಲ್ಲ, ಆಡಂಬರವಿಲ್ಲ. ಅದಾದ ಮೇಲೆ ಎಷ್ಟೋ ಜೋಡಿಗಳು ಈ ದಾರಿ ಹಿಡಿದಿವೆ. ಆದರೆ ಹಿಂದೂ ವಿವಾಹ ಕಾಯ್ದೆಯ 7ನೇ ಕಲಂ ಕೇಳುವುದು ವಧು ಅಥವಾ ವರನ ಕಡೆಯ ‘ರೂಢಿಗತ ವಿಧಿಗಳು’. ಅಂಥ ವಿಧಿ ನಡೆಯದಿದ್ದರೆ ಬರೀ ನೋಂದಣಿ ಪತ್ರದಿಂದ ಮದುವೆಯಾಗದು ಎಂದು ಸುಪ್ರೀಂ ಕೋರ್ಟ್ 2024ರ ಏಪ್ರಿಲ್‌ನಲ್ಲಿ ಬಿಡಿಸಿ ಹೇಳಿತು. ರೂಢಿ ಎಂದರೆ ಬಹುಕಾಲದಿಂದ ಬಿಡದೆ ನಡೆದುಬಂದದ್ದು. ಶರಣರ ವಚನ ಹೇಳಿ ಮಾಡುವ ಲಗ್ನವನ್ನು ರೂಢಿ ಎಂದು ವಾದಿಸಲು ಎಂಟುನೂರು ವರ್ಷದ ಇತಿಹಾಸವಾದರೂ ಇದೆ. ನೀವು ಈ ವರ್ಷ ಬಂಡಾಯ ಎದ್ದಿದ್ದರೆ ಕಾನೂನು ಕೇಳುವುದು ಇಷ್ಟೇ: ಎಂಟುನೂರು ವರ್ಷ ಮೊದಲೇ ಯಾಕೆ ಏಳಲಿಲ್ಲ?

ಹೀಗಾಗಿ ಜಾಣರು ಭಾಲ್ಕಿಯ ದಾರಿ ಹಿಡಿಯುತ್ತಾರೆ. ನಿಜಾಮರ ಕಾಲದಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದರು. ಅವರು ಮಾಡಿದ್ದು ಪರಕೀಯ ಆಡಳಿತದ ಕಣ್ಣು ತಪ್ಪಿಸಲು. ಇಂದಿನ ಜೋಡಿಗಳು ಸ್ವಂತ ಸರ್ಕಾರದ ಕಣ್ಣು ತಪ್ಪಿಸಲು ಹೊರಗೆ ಸಪ್ತಪದಿಯ ಬೋರ್ಡು ಹಾಕಿ ಒಳಗೆ ಮಾನವತಾವಾದ ಇಟ್ಟುಕೊಳ್ಳುತ್ತಾರೆ. ಗುಡಿಯಲ್ಲೊಂದು ಹತ್ತು ನಿಮಿಷದ ಶಾಸ್ತ್ರ, ಎರಡು ಹಾರ, ನಾಲ್ಕು ಫೋಟೊ, ಅವಸರದಲ್ಲಿ ಅಚ್ಚು ಹಾಕಿಸಿದ ಲಗ್ನಪತ್ರಿಕೆ, ನೋಂದಣಿ ಮುಗಿಯಿತು. ನಂಬಿಕೆ ಇಲ್ಲದವರು ನಂಬಿದಂತೆ ನಟಿಸಿದರೆ ಕಾನೂನಿಗೆ ಸಂತೋಷ, ಇದ್ದದ್ದು ಇದ್ದಂತೆ ಹೇಳಿದರೆ ಸಂಶಯ. ಸತ್ಯಮೇವ ಜಯತೇ ಎಂದು ಅದೇ ಕಚೇರಿಯ ಮುದ್ರೆಯ ಮೇಲಿದೆ.

ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ನಡೆದ ಲಗ್ನದ ಕತೆ ಬಸವಕಲ್ಯಾಣದ ಮಕ್ಕಳಿಗೂ ಗೊತ್ತು. ಚಮ್ಮಾರ ಕುಲದ ವರ, ಬ್ರಾಹ್ಮಣ ಮೂಲದ ವಧು. ಕಲ್ಯಾಣದ ಅರಸ ಬಿಜ್ಜಳ ಇಬ್ಬರು ತಂದೆಯರಿಗೂ ಆನೆಯ ಕಾಲಿಗೆ ಕಟ್ಟಿ ಎಳೆಸುವ ಮರಣದಂಡನೆ ಕೊಟ್ಟನೆಂದೂ ಕಲ್ಯಾಣ ಹೊತ್ತಿ ಉರಿಯಿತೆಂದೂ ಪರಂಪರೆ ಹೇಳುತ್ತದೆ. ಪಾಪ, ಬಿಜ್ಜಳನಿಗೆ ಈ ಸುದ್ದಿಯನ್ನು ಚಾಡಿಕೋರರ ಬಾಯಿಂದ ಕೇಳಬೇಕಾಯಿತು. ಇಂದಾಗಿದ್ದರೆ ನೋಟಿಸ್ ಬೋರ್ಡೇ ಹೇಳುತ್ತಿತ್ತು, ಆನೆ ಸಿದ್ಧಪಡಿಸಿಕೊಳ್ಳಲು ಮೂವತ್ತು ದಿನದ ಸಮಯವೂ ಸಿಗುತ್ತಿತ್ತು. ನಂತರ ತಪ್ಪಾಯಿತೆಂದು ಸಾಬೀತಾದರೆ ಅವನಿಗೂ ಸಾವಿರ ರೂಪಾಯಿ.

ಅದೇ ಬಸವಕಲ್ಯಾಣದಲ್ಲಿ ನೂರಾರು ಕೋಟಿ ಖರ್ಚಿನ ನೂತನ ಅನುಭವ ಮಂಟಪಕ್ಕೆ 2021ರ ಜನವರಿಯಲ್ಲಿ ಶಂಕುಸ್ಥಾಪನೆ ಆಯಿತು. 2024ರ ಜನವರಿಯಲ್ಲಿ ಬಸವಣ್ಣನವರು ಕರ್ನಾಟಕದ ಸಾಂಸ್ಕೃತಿಕ ನಾಯಕರಾದರು. ಡಿಸೆಂಬರ್ 29ರಂದು ಕುವೆಂಪು ಹೆಸರಿನಲ್ಲಿ ವಿಶ್ವಮಾನವ ದಿನ. ಬಸವಣ್ಣ ಬೇಕು, ಆದರೆ ಬಸವಣ್ಣ ಮಾಡಿಸಿದಂಥ ಮದುವೆ ಬೇಡ. ವಿಶ್ವಮಾನವ ಬೇಕು, ಆದರೆ ಅವನು ಲಗ್ನವಾಗುವುದಾದರೆ ತಿಂಗಳ ಮುಂಚೆ ತಿಳಿಸಬೇಕು.

ಲಂಡನ್ನಿನ ಥೇಮ್ಸ್ ದಂಡೆಯಲ್ಲಿ 2015ರಿಂದ ಬಸವೇಶ್ವರರ ಪುತ್ಥಳಿ ನಿಂತಿದೆ. ಆ ಊರಿನ ಕತೆಯೂ ನಮ್ಮದೇ. ಸ್ಕಾಟ್ಲೆಂಡ್ 2005ರಿಂದಲೇ ಮಾನವತಾವಾದಿ ಮದುವೆಗೆ ಕಾನೂನಿನ ಮಾನ್ಯತೆ ಕೊಟ್ಟಿದೆ. ಇಂಗ್ಲೆಂಡಿನಲ್ಲಿ ಆ ಮಾನ್ಯತೆ ಇಲ್ಲದಿರುವುದು ತಾರತಮ್ಯ ಎಂದು 2020ರಲ್ಲಿ ಹೈಕೋರ್ಟೇ ಹೇಳಿ, ತಿದ್ದುವ ಕೆಲಸವನ್ನು ಸರ್ಕಾರಕ್ಕೆ ಬಿಟ್ಟಿತು. ಸರ್ಕಾರ ಎಂದರೆ ಎಲ್ಲ ಕಡೆಯೂ ಸರ್ಕಾರವೇ.

ಅಷ್ಟು ದೂರ ಯಾಕೆ, ಪಕ್ಕದ ತಮಿಳುನಾಡನ್ನೇ ನೋಡಿ. ಪೆರಿಯಾರ್ ಆರಂಭಿಸಿದ ಸ್ವಾಭಿಮಾನ ಮದುವೆಗೆ ಅಣ್ಣಾದುರೈ ಸರ್ಕಾರ 1967ರಲ್ಲಿ ತಿದ್ದುಪಡಿ ತಂದು, ಹಿಂದೂ ವಿವಾಹ ಕಾಯ್ದೆಗೆ 7ಎ ಎಂಬ ಒಂದೇ ಕಲಂ ಸೇರಿಸಿತು. ಬಂಧುಗಳೋ ಸ್ನೇಹಿತರೋ ಎದುರಿಗಿದ್ದು, ‘ನಿನ್ನನ್ನು ಕೈಹಿಡಿದೆ’ ಎಂದು ಪರಸ್ಪರ ಅಂದರೂ ಸರಿ, ಹಾರ ಬದಲಿಸಿದರೂ ಸರಿ, ಉಂಗುರ ತೊಡಿಸಿದರೂ ಸರಿ, ತಾಳಿ ಕಟ್ಟಿದರೂ ಸರಿ. ಪುರೋಹಿತರಿಲ್ಲದೆ ಮದುವೆ ಊರ್ಜಿತ. ಹಿಂದೆ ಆಗಿಹೋದ ಅಂಥ ಮದುವೆಗಳಿಗೂ ಮಾನ್ಯತೆ ಕೊಟ್ಟರು. ಊರೆಲ್ಲ ಸೇರಿಸಿ ಡಂಗುರ ಹೊಡೆಯಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಒತ್ತಿ ಹೇಳಿತು. ಮದುವೆ ಎಂಬುದು ಸಂವಿಧಾನದ ಸಮವರ್ತಿ ಪಟ್ಟಿಯ ವಿಷಯ. ಕರ್ನಾಟಕವೂ ಇಂಥ ತಿದ್ದುಪಡಿ ಮಾಡಿ ರಾಷ್ಟ್ರಪತಿಗಳ ಅಂಕಿತ ಪಡೆಯಬಹುದು. ಪೆರಿಯಾರ್ ಅವರಿಗೆ ಒಬ್ಬ ಅಣ್ಣಾದುರೈ ಸಿಕ್ಕರು. ಕುವೆಂಪು ಅವರಿಗೆ ಸಿಕ್ಕಿದ್ದು ಪುತ್ಥಳಿ, ಬಸ್ ನಿಲ್ದಾಣ ಮತ್ತು ಒಂದು ಸರ್ಕಾರಿ ದಿನಾಚರಣೆ.

ಅಲ್ಲಿಯವರೆಗೆ ಭಾಲ್ಕಿ, ಔರಾದ, ಬೀದರ್‌ನ ಜೋಡಿಗಳಿಗೆ ಬರೆದಿಟ್ಟುಕೊಳ್ಳಬೇಕಾದ ನಾಲ್ಕು ಮಾತು. ವಿಶೇಷ ವಿವಾಹ ಕಾಯ್ದೆಯಲ್ಲಿ ಮದುವೆಯ ಸ್ವರೂಪ ನಿಮ್ಮಿಷ್ಟ. ವಚನ ಓದಿ, ಸಂವಿಧಾನದ ಪ್ರಸ್ತಾವನೆ ಓದಿ, ಏನೂ ಓದದೆ ಸುಮ್ಮನೆ ನಗಿ. ಆದರೆ ಅಧಿಕಾರಿ ಮತ್ತು ಮೂವರು ಸಾಕ್ಷಿಗಳ ಎದುರು, ಇಬ್ಬರಿಗೂ ತಿಳಿಯುವ ಭಾಷೆಯಲ್ಲಿ, ಕಾನೂನುಬದ್ಧ ಪತಿಯಾಗಿ, ಪತ್ನಿಯಾಗಿ ಸ್ವೀಕರಿಸಿದೆ ಎಂದು ಪರಸ್ಪರ ಹೇಳದೆ ಮದುವೆ ಪೂರ್ಣವಾಗದು. ಅದು ಕನ್ನಡವಿರಲಿ, ಮರಾಠಿಯಿರಲಿ, ಉರ್ದುವಿರಲಿ, ಅಡ್ಡಿಯಿಲ್ಲ. ಹೆಚ್ಚಿನ ಶುಲ್ಕ ಕಟ್ಟಿದರೆ ಅಧಿಕಾರಿ ಸಮೀಪದ ನಿಮ್ಮ ಹಾಲಿಗೇ ಬರಬಹುದು. ಮೊದಲೇ ಬೇರೆ ರೀತಿ ಮದುವೆಯಾಗಿದ್ದರೆ 15ನೇ ಕಲಂ ಅಡಿ ನೋಂದಾಯಿಸಬಹುದು, ಆದರೆ ಆಗ ಇಬ್ಬರಿಗೂ 21 ತುಂಬಿರಬೇಕು, ಅಲ್ಲಿಯೂ 30 ದಿನದ ನೋಟಿಸ್ ತಪ್ಪದು. ಈ ಕಾಯ್ದೆಯಡಿ ಮದುವೆಯಾದರೆ ಹೊಲದ ಪಾಲು ಹೋಗುತ್ತದೆ ಎಂದು ಹೆದರಿಸುವ ದೊಡ್ಡಪ್ಪನಿಗೆ ಹೇಳಿ: ಇಬ್ಬರೂ ಹಿಂದೂಗಳಾದರೆ 1976ರಿಂದ ಏನೂ ಬದಲಾಗುವುದಿಲ್ಲ, ಧರ್ಮ ಬೇರೆಯಾದರೆ ಅವಿಭಕ್ತ ಕುಟುಂಬದಿಂದ ಬೇರ್ಪಟ್ಟಂತೆ ಲೆಕ್ಕ, ಪಾಲು ಪಾಲೇ.

ಬೀದರ್ ಜಿಲ್ಲೆಯ ಶಾಸಕರಲ್ಲಿ ಒಂದೇ ವಿನಂತಿ. ಬಸವ ಜಯಂತಿಯ ದಿನ ಹಾರ ಹಾಕಿ, ಬೇಡ ಎನ್ನುವುದಿಲ್ಲ. ಅದೇ ವಾರ ವಿಧಾನಸಭೆಯಲ್ಲಿ ಒಂದು ಖಾಸಗಿ ಮಸೂದೆ ಮಂಡಿಸಿ: ಕರ್ನಾಟಕಕ್ಕೂ ಒಂದು 7ಎ ಬೇಕು, ಗೋಡೆಯ ಮೇಲಿನ ನೋಟಿಸ್ ಹೋಗಬೇಕು. ತಮಿಳುನಾಡು ಮುಗಿಸಿ ಅರ್ಧ ಶತಮಾನ ದಾಟಿದ ಕೆಲಸವನ್ನು ಬಸವಣ್ಣನ ನಾಡು ಇನ್ನೂ ಶುರುವೇ ಮಾಡಿಲ್ಲ.